ಬಚ್ಚಲೊಲೆಯ ಪಕ್ಕದ ಮೇಜು

ಜುಲೈನ ಜಡಿಮಳೆಯಲ್ಲಿ ಕೊಪ್ಪದ ಹುಡುಗನೊಬ್ಬ ಗೊಬ್ಬರದ ಚೀಲ ಸುತ್ತಿದ ಗಿಟಾರ್ ಹಿಡಿದು ತೀರ್ಥಹಳ್ಳಿಯ ನಮ್ಮ ಮನೆಗೆ ಬಂದ. “ತಂತಿ ಮೇಲೆದ್ದಿದೆ, ಒತ್ತಿದರೆ ಬೆರಳು ನೋಯುತ್ತದೆ. ಸ್ಯಾಡಲ್ ಉಜ್ಜಿ ಕೊಡಿ” ಎಂದ. ತಂತಿಗಳನ್ನು ಎತ್ತಿ ಹಿಡಿಯುವ ಮೂಳೆಯ ಸಣ್ಣ ಪಟ್ಟಿಯೇ ಸ್ಯಾಡಲ್; ಅದರ ಅಡಿ ಉಜ್ಜಿದರೆ ತಂತಿ ಇಳಿಯುತ್ತದೆ.

ಗಿಟಾರಿನ ಕತ್ತಿನ ಹನ್ನೆರಡನೆಯ ಫ್ರೆಟ್ಟಿನ, ಅಂದರೆ ಲೋಹದ ಅಡ್ಡಪಟ್ಟಿಯ ಮೇಲೆ ಉಕ್ಕಿನ ಅಳತೆಪಟ್ಟಿ ನಿಲ್ಲಿಸಿದೆ. ದಪ್ಪ ತಂತಿಯ ಕೆಳಗೆ 3.5 ಮಿಲಿಮೀಟರ್ ಸಂದು. ಎರಡೂವರೆಯ ಆಸುಪಾಸಿನಲ್ಲಿದ್ದರೆ ಕೈಗೆ ಹಿತ. ಅದೇ ಅಳತೆಪಟ್ಟಿಯನ್ನು ಬ್ರಿಡ್ಜಿನ, ಅಂದರೆ ಸ್ಯಾಡಲ್ ಕೂರುವ ಮರದ ತುಂಡಿನ ಹಿಂದೆ ಅಡ್ಡಲಾಗಿ ಇಟ್ಟಾಗ ಎರಡೂ ತುದಿಗಳ ಕೆಳಗೆ ಬೆಳಕು ಕಂಡಿತು. ಮೇಲ್ಹಲಗೆ ತೇವ ಕುಡಿದು ಉಬ್ಬಿತ್ತು. ಈಗ ಸ್ಯಾಡಲ್ ಉಜ್ಜಿದರೆ ಮಾರ್ಚಿನಲ್ಲಿ ಹಲಗೆ ಒಣಗಿ ಇಳಿದಾಗ ತಂತಿ ಫ್ರೆಟ್ಟಿಗೆ ತಾಗಿ ಜಿರ್ರೆನ್ನುತ್ತದೆ. ಉಜ್ಜಿದ ಮೂಳೆ ಮತ್ತೆ ಬೆಳೆಯುವುದಿಲ್ಲ. “ಹತ್ತು ದಿನ ಬಿಟ್ಟು ಬಾ” ಎಂದೆ. ಅವನಿಗೆ ಸಮಾಧಾನವಾಗಲಿಲ್ಲ.

ಹಿಂದಿನ ವರ್ಷದವರೆಗೆ ನನ್ನ ಮೇಜು ಜಗಲಿಯಲ್ಲಿತ್ತು. ಬೆಳಕೇನೋ ಚೆನ್ನಾಗಿತ್ತು, ಆದರೆ ಅಲ್ಲಿ ಅಂಟಿಸಿದ ಬ್ರಿಡ್ಜೊಂದು ಮಳೆಗಾಲ ಮುಗಿಯುವ ಮೊದಲೇ ಎದ್ದು ಬಂತು. ಆ ನಾಚಿಕೆಯಲ್ಲೇ ಮೇಜನ್ನು ಬಚ್ಚಲೊಲೆಯ ಗೋಡೆಗೆ ಒತ್ತಿಕೊಂಡಿರುವ ಕೋಣೆಗೆ ಸಾಗಿಸಿದೆ. ಜಗಲಿಯಲ್ಲಿ ತೇವಮಾಪಕ ಶೇಕಡಾ 91 ತೋರಿಸುವ ದಿನವೂ ಇಲ್ಲಿ 55ರ ಹತ್ತಿರ ಇರುತ್ತದೆ. ಹಂಡೆಯ ಬೆಂಕಿ ಜೋರಾಗಿ 40ಕ್ಕೆ ಇಳಿದರೆ ಬಾಗಿಲು ತೆರೆದಿಡುತ್ತೇನೆ. ಅತಿಯಾಗಿ ಒಣಗಿದ ಹಲಗೆ ಸೀಳುತ್ತದೆ. ಅರ, ಕ್ಲಾಂಪು, ಸಾಲ್ಡರಿಂಗ್ ಕಡ್ಡಿ ಎಲ್ಲವೂ ದುಡ್ಡಿಗೆ ಸಿಗುತ್ತವೆ. ಮಲೆನಾಡಿನಲ್ಲಿ ಈ ಕೆಲಸ ಮಾಡುವವನಿಗೆ ಅವೆಲ್ಲಕ್ಕಿಂತ ಮೊದಲು ಬೇಕಾದದ್ದು ಒಣಗಿದ ಒಂದು ಮೂಲೆ.

ತಂತಿಗಳನ್ನು ಸಡಿಲಿಸಿ ಗಿಟಾರನ್ನು ಅಲ್ಲೇ ನೇತುಹಾಕಿದೆ. ಶ್ರುತಿಗೆ ಬಿಗಿದ ಆರು ಉಕ್ಕಿನ ತಂತಿಗಳು ಸುಮಾರು 70 ಕಿಲೋ ಭಾರದಷ್ಟು ಎಳೆಯುತ್ತವೆ, ಆ ಎಳೆತವೂ ತಪ್ಪಲಿ ಎಂದು.

ಆ ನಡುವೆ ಗೊರಗುಟ್ಟುತ್ತಿದ್ದ ವಾಲ್ವ್ ಆಂಪ್ಲಿಫೈಯರ್ ಒಂದನ್ನು ಬಿಚ್ಚಿದೆ. ಪ್ಲಗ್ ಕಿತ್ತ ಮೇಲೂ ವಿದ್ಯುತ್ತನ್ನು ಹಿಡಿದಿಡುವ ಕೆಪಾಸಿಟರುಗಳಲ್ಲಿ 300 ವೋಲ್ಟಿಗಿಂತ ಹೆಚ್ಚು ಉಳಿದಿರಬಹುದು. ರೆಸಿಸ್ಟರ್ ಮೂಲಕ ಇಳಿಸಿ, ಮೀಟರ್ ಸೊನ್ನೆಗೆ ಬರುವವರೆಗೆ ಕೈ ಹಾಕುವುದಿಲ್ಲ. ತಪ್ಪು ಎಲ್ಲಿದೆಯೆಂದು ತೋರಿಸಿದ್ದು ಒಣ ಬಿದಿರಿನ ಕಡ್ಡಿ. ಆಂಪ್ಲಿಫೈಯರ್ ಚಾಲೂ ಮಾಡಿ ಒಂದು ಕೈ ಬೆನ್ನ ಹಿಂದಿಟ್ಟು ಒಂದೊಂದೇ ಬೆಸುಗೆಯನ್ನು ತಟ್ಟುತ್ತಾ ಹೋದೆ. ಇನ್‌ಪುಟ್ ಸಾಕೆಟ್ ಮುಟ್ಟಿದೊಡನೆ ಚಟಚಟ ಸದ್ದು. ಮತ್ತೆ ಪ್ಲಗ್ ಕಿತ್ತು, ವೋಲ್ಟೇಜ್ ಇಳಿಸಿ, ಭೂತಗನ್ನಡಿಯಲ್ಲಿ ನೋಡಿದರೆ ಬೆಸುಗೆಯ ಸುತ್ತ ಕೂದಲೆಳೆಯಷ್ಟು ಬಿರುಕಿನ ಉಂಗುರ.

ಹತ್ತನೆಯ ದಿನ ತಂತಿ ಶ್ರುತಿ ಮಾಡಿ ಅಳೆದೆ: 2.7. ಹುಡುಗ ಬಂದು ನುಡಿಸಿ, “ಎಷ್ಟು ಉಜ್ಜಿದಿರಿ?” ಎಂದು ಕೇಳಿದ. ಉಜ್ಜಿಲ್ಲವೆಂದು ಸ್ಯಾಡಲ್ ತೋರಿಸಿದೆ. ಹೊರಡುವಾಗ ಅವನು ಮತ್ತದೇ ಒದ್ದೆ ಚೀಲ ಬಿಡಿಸಿದ. ಅದನ್ನು ಕೈಯಿಂದ ತೆಗೆದುಕೊಂಡು, ಒಳಮೈ ಹೊರಗೆ ಮಾಡಿ, ಒಲೆಯ ಮೇಲಿನ ಗಳುವಿಗೆ ಹಾಕಿದೆ.