ಅಮ್ಮ ನೋಡುತ್ತಿದ್ದ ಕಡೆ

"ಅಜ್ಜಿ, ಗುಡಿ ಈ ಕಡೆ ಇದೆ. ನೀನ್ಯಾಕೆ ಆ ಕಡೆ ನೋಡ್ತಿದೀಯ?"

ಭಾನುವಾರದಿಂದ ಈ ಮಾತು ನನ್ನನ್ನು ಬಿಟ್ಟಿಲ್ಲ. ಕೇಳಿದ್ದು ತಂಗಿಯ ಮಗಳು. ಓಹಾಯೋದಿಂದ ರಜೆಗೆ ಬಂದಿದ್ದಾಳೆ. ಮೈಸೂರಿಂದ ಹೊಸ ಕನ್ನಂಬಾಡಿಗೆ ಹೋಗುವಾಗ ಕಾರಲ್ಲಿ ಒಂದು ಫೋಟೋ ತೋರಿಸಿದ್ದಳು. ಈರಿ ಸರೋವರದ ದಡದಲ್ಲಿ, ವರ್ಮಿಲಿಯನ್ ಅನ್ನೋ ಊರಲ್ಲಿ ಹದಿನಾರು ಅಡಿಯ ಪುಟ್ಟ ಲೈಟ್‌ಹೌಸ್. "ಇದು ಕಾಪಿ" ಅಂದಳು.

ಅಸಲಿ 1877ರದ್ದು, ಕಬ್ಬಿಣದ್ದು. 1929ರಲ್ಲಿ ಅದು ವಾಲಿದ್ದನ್ನು ವೇಕ್‌ಫೀಲ್ಡ್ ಮನೆಯ ಹುಡುಗರಿಬ್ಬರು ಕಂಡರು. ಸರ್ಕಾರ ಕಿತ್ತು ಒಯ್ದಿತು. ಆ ಹುಡುಗರಲ್ಲೊಬ್ಬ ಮುದುಕನಾದ ಮೇಲೆ ಹಟ ಹಿಡಿದು ದುಡ್ಡು ಕೂಡಿಸಿ, 1991ರಲ್ಲಿ ಅಂಥದ್ದೇ ಇನ್ನೊಂದನ್ನು ನಿಲ್ಲಿಸಿದ. ಆಮೇಲೆ ಗೊತ್ತಾಯಿತು, ಹಳೆಯದು ಒಂಟಾರಿಯೋ ಸರೋವರದಲ್ಲಿ ಉರಿಯುತ್ತಲೇ ಇತ್ತು! ಒಂದು ಗೋಪುರಕ್ಕಾಗಿ ಅರುವತ್ತು ವರ್ಷ ಹಂಬಲಿಸಿದ ಆ ಮನುಷ್ಯನ ಮೇಲೆ ನನಗೆ ತುಂಬಾ ಪ್ರೀತಿ ಬಂತು.

ನಮ್ಮ ವೇಣುಗೋಪಾಲಸ್ವಾಮಿ ಗುಡಿ ಕಾಪಿ ಅಲ್ಲ. ಹೊಯ್ಸಳರ ಕಾಲದ್ದು. ಕಾವೇರಿಗೆ ಕನ್ನಂಬಾಡಿ ಕಟ್ಟೆ (ಕೆ.ಆರ್.ಎಸ್.) ಕಟ್ಟಿದಾಗ ಹಳೇ ಊರಿನ ಜೊತೆ ಮುಳುಗಿತ್ತು. ಕಲ್ಲುಕಲ್ಲಿಗೂ ಗುರುತು ಹಾಕಿ, ಬಿಚ್ಚಿ, ದಡಕ್ಕೆ ತಂದು ಮತ್ತೆ ಜೋಡಿಸಿದ್ದಾರೆ. ಆ ಕೆಲಸ ಮಾಡಿದವರಿಗೆ ಕೈ ಮುಗಿಯಬೇಕು. ತಂಗಿಯ ಗಂಡ "ಹೊಸದರ ಥರಾನೇ ಇದೆ" ಅಂದು ಫೋಟೋ ತೆಗೆಯಲು ಹೊರಟರು. ಒಳ್ಳೆಯವರೇ, ಆದರೆ ಯಾವುದರ ಮುಂದೆಯೂ ಎರಡು ನಿಮಿಷ ನಿಲ್ಲುವವರಲ್ಲ.

ಅಮ್ಮ ಮಾತ್ರ ಗುಡಿಗೆ ಬೆನ್ನು ಹಾಕಿ ಹಿನ್ನೀರಿನ ಕಡೆ ನಿಂತಿದ್ದಳು. ಅವಳ ಅಪ್ಪ ಹುಡುಗನಾಗಿದ್ದಾಗ ಹಳೇ ಕನ್ನಂಬಾಡಿ ಬಿಟ್ಟು ಬಂದವರು. ನೀರು ಬತ್ತಿದ ಒಂದು ಬೇಸಿಗೆಯಲ್ಲಿ ಇವಳನ್ನು ಹೆಗಲ ಮೇಲೆ ಕೂರಿಸಿಕೊಂಡು, ಗುಡಿ ಮೇಲೆದ್ದಿದ್ದನ್ನು ತೋರಿಸಿದ್ದರಂತೆ. ಗುಡಿಯಿಂದ ಎಷ್ಟು ಹೆಜ್ಜೆಗೆ ತಮ್ಮ ಮನೆ ಅಂತ ಅಳೆದು ತೋರಿಸಿದ್ದರಂತೆ.

ಈಗ ಆ ಹೆಜ್ಜೆ ಎಲ್ಲಿಂದ ಎಣಿಸೋದು? ಗುಡಿ ಮೇಲೆ ಬಂದಿದೆ, ಮನೆ ಕೆಳಗೇ ಇದೆ. ಅಲ್ಲಿ ವರ್ಮಿಲಿಯನ್‌ನಲ್ಲಿ ಊರು ಉಳಿಯಿತು, ಗೋಪುರ ಹೋಯಿತು. ಇಲ್ಲಿ ಗುಡಿ ಉಳಿಯಿತು, ಊರು ಹೋಯಿತು. ಕಟ್ಟೆಯ ನೀರು ಕುಡಿದು, ಅದೇ ನೀರಿನ ಅನ್ನ ಉಂಡು ಬೆಳೆದವಳು ನಾನು. ಆ ನೀರಿಗಾಗಿ ಊರು ಬಿಟ್ಟವರ ನೆನಪು ಒಂದು ದಿನವೂ ಆಗಿರಲಿಲ್ಲ.

ಹುಡುಗಿಯ ಪ್ರಶ್ನೆಗೆ ಅಮ್ಮ ಅಲ್ಲಿ ಉತ್ತರ ಕೊಡಲಿಲ್ಲ. ಸುಮ್ನೆ ಅವಳ ಕೈ ಹಿಡಿದುಕೊಂಡಳು. ನಿನ್ನೆ ರಾತ್ರಿ ಊಟ ಬಡಿಸುವಾಗ ನನ್ನನ್ನು ಕೇಳಿದಳು: "ಬೇಸಿಗೆಗೆ ನೀರು ಇಳಿಯುತ್ತೆ ಅಲ್ವಾ? ಆಗ ಇನ್ನೊಂದು ಸಲ ಕರ್ಕೊಂಡು ಹೋಗ್ತೀಯಾ?"