ಎಂ.ಎಸ್ಸಿ. ಸೀಟಿಗೆ ಹೋದ ದಿನ

ನಾನು ಹೈಸ್ಕೂಲಿನಲ್ಲಿ ಕಲಿಸಿದ ಹುಡುಗಿಯೊಬ್ಬಳು ಯಾದಗಿರಿಯಲ್ಲಿ ಬಿ.ಎಸ್ಸಿ. ಮುಗಿಸಿ, ಗುಲಬರ್ಗಾ ವಿಶ್ವವಿದ್ಯಾಲಯದ ಎಂ.ಎಸ್ಸಿ. ರಸಾಯನಶಾಸ್ತ್ರಕ್ಕೆ ಅರ್ಜಿ ಹಾಕಿದ್ದಳು. ಮೆರಿಟ್ ಪಟ್ಟಿಯಲ್ಲಿ ಹೆಸರು ಮೇಲೆಯೇ ಇತ್ತು. ಕೌನ್ಸೆಲಿಂಗ್‌ಗೆ ಕರೆ ಬಂದ ಸಂಜೆ ಅವಳ ಅಪ್ಪ ನಮ್ಮ ಮನೆಗೆ ಬಂದರು. ಗಂಜಿನಲ್ಲಿ, ಅಂದರೆ ಕಾಳುಕಡಿಯ ಮಾರುಕಟ್ಟೆಯಲ್ಲಿ, ಹಮಾಲಿ ಮಾಡುವವರು. “ಅಕ್ಕೋರೆ, ಅಲ್ಲಿ ಏನ್ ಕೇಳ್ತಾರೋ ನಮಗ ತಿಳೀದ್ರಿ. ನೀವೊಬ್ರು ಜೊತಿಗಿದ್ರ ಧೈರ್ಯ ಇರ್ತದ” ಎಂದರು.

ಅವತ್ತು ರಾತ್ರಿ ಅವರ ಮನೆಯ ಟ್ರಂಕು ತೆಗೆಸಿ, ಇದ್ದ ಕಾಗದವನ್ನೆಲ್ಲ ಚಾಪೆಯ ಮೇಲೆ ಹರಡಿಕೊಂಡು ಕೂತೆವು. ಎಸ್ಸೆಸ್ಸೆಲ್ಸಿ, ಪಿಯುಸಿ ಅಂಕಪಟ್ಟಿ, ಪದವಿಯ ಎಲ್ಲಾ ಸೆಮಿಸ್ಟರುಗಳ ಅಂಕಪಟ್ಟಿ, ಟಿ.ಸಿ., ಹಿಂದುಳಿದ ವರ್ಗಗಳ ಪ್ರವರ್ಗ-1ರ ಜಾತಿ ಪ್ರಮಾಣಪತ್ರ. ಆದಾಯ ಪ್ರಮಾಣಪತ್ರಕ್ಕೆ ಐದು ವರ್ಷದ ಆಯುಷ್ಯ, ಅದರ ತಾರೀಖು ನೋಡಿದೆ, ಇನ್ನೂ ಅವಧಿಯಿತ್ತು. ಊರಿನ ಶಾಲೆಯಲ್ಲಿ 1ರಿಂದ 10ನೇ ತರಗತಿಯವರೆಗೆ ಓದಿದ್ದಕ್ಕೆ ವ್ಯಾಸಂಗ ಪ್ರಮಾಣಪತ್ರ ಎರಡು: ಒಂದು ಗ್ರಾಮೀಣ ಮೀಸಲಾತಿಗೆ, ಇನ್ನೊಂದು ಕನ್ನಡ ಮಾಧ್ಯಮಕ್ಕೆ. ಎರಡರ ಮೇಲೂ ಕ್ಷೇತ್ರ ಶಿಕ್ಷಣಾಧಿಕಾರಿಯ (ಬಿಇಒ) ಮೇಲುಸಹಿ ಬಿದ್ದಿತ್ತು. ಕಲ್ಯಾಣ ಕರ್ನಾಟಕದವರೆಂದು ತೋರಿಸಲು ಸಹಾಯಕ ಆಯುಕ್ತರು ಕೊಡುವ 371(ಜೆ) ಪ್ರಮಾಣಪತ್ರವೂ ಇತ್ತು. ಹುಡುಗಿ ಒಂದೊಂದನ್ನೂ ಪ್ಲಾಸ್ಟಿಕ್ ಹಾಳೆಯಲ್ಲಿ ಹಾಕಿಟ್ಟಿದ್ದಳು. ಒಂದು ವಿಶ್ವವಿದ್ಯಾಲಯದಿಂದ ಇನ್ನೊಂದಕ್ಕೆ ಹೋಗುವವರಿಗೆ ಬೇಕಾಗುವ ವಲಸೆ ಪ್ರಮಾಣಪತ್ರವನ್ನು, ಎಲ್ಲರೂ ಮೈಗ್ರೇಶನ್ ಎನ್ನುವುದನ್ನು, ನಾನು ಹುಡುಕುತ್ತಿದ್ದೆ. “ಅದೂ ತಂದೀನ್ರಿ ಮೇಡಂ” ಎಂದು ಕೊನೆಯ ಹಾಳೆ ತೆಗೆದು ತೋರಿಸಿದಳು.

ಮೈಗ್ರೇಶನ್ ನಮ್ಮ ಜಿಲ್ಲೆಯ ಮಕ್ಕಳಿಗೆ ಹೊಸ ಮಾತು. ಮೊದಲು ಯಾದಗಿರಿಯ ಕಾಲೇಜುಗಳೆಲ್ಲ ಗುಲಬರ್ಗಾ ವಿಶ್ವವಿದ್ಯಾಲಯದ ಕೆಳಗೇ ಇದ್ದವು. ಪದವಿಯೂ ಅಲ್ಲಿಯದೇ, ಸ್ನಾತಕೋತ್ತರವೂ ಅಲ್ಲೇ, ವಲಸೆಯ ಪ್ರಶ್ನೆಯೇ ಏಳುತ್ತಿರಲಿಲ್ಲ. ರಾಯಚೂರು ವಿಶ್ವವಿದ್ಯಾಲಯ ಬಂದ ಮೇಲೆ ರಾಯಚೂರು, ಯಾದಗಿರಿ ಎರಡೂ ಜಿಲ್ಲೆ ಅದಕ್ಕೆ ಸೇರಿದವು. ಮನೆಯಿಂದ ಕಲಬುರಗಿ ಮೊದಲಿನಷ್ಟೇ ದೂರ, ಆದರೆ ಕಾಗದದ ಲೆಕ್ಕದಲ್ಲಿ ನಮ್ಮ ಮಕ್ಕಳು ಈಗ ಹೊರಗಿನವರು. ಅಕ್ಕನೋ ಅಣ್ಣನೋ ಹಿಂದೆ ಸೇರಿದ್ದರೆ ಅವರನ್ನು ಕೇಳಿದರೂ ಇದು ತಿಳಿಯುವುದಿಲ್ಲ, ಯಾಕೆಂದರೆ ಅವರ ಕಾಲಕ್ಕೆ ಇದು ಬೇಕಿರಲಿಲ್ಲ.

ಬೆಳಗಿನ ರೈಲು ಹತ್ತಿದೆವು. ಹೊಲಗಳಲ್ಲಿ ತೊಗರಿ ಹೂವಾಗಿತ್ತು. ವಾಡಿ ದಾಟುವವರೆಗೂ ಹುಡುಗಿ ತನ್ನ ಗೆಳತಿಯ ಸುದ್ದಿಯನ್ನೇ ಹೇಳುತ್ತಿದ್ದಳು. ಓದಿನಲ್ಲಿ ಇವಳಿಗಿಂತ ಒಂದು ಕೈ ಮೇಲಿದ್ದ ಆ ಗೆಳತಿಗೆ ಆಳಂದ ರಸ್ತೆಯ ಕಡಗಂಚಿಯಲ್ಲಿರುವ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯ ಸೇರುವ ಆಸೆ. ಅಲ್ಲಿಗೆ ಸಿಯುಇಟಿ ಪಿಜಿ ಎಂಬ ರಾಷ್ಟ್ರಮಟ್ಟದ ಪ್ರವೇಶ ಪರೀಕ್ಷೆ ಬರೆಯಬೇಕು. ಆ ಪರೀಕ್ಷೆ ಮಾರ್ಚ್ ಸುಮಾರಿಗೆ ನಡೆದುಹೋಗುತ್ತದೆ, ಅರ್ಜಿ ಅದಕ್ಕೂ ಮೊದಲು. ಅಂದರೆ ಪದವಿಯ ಕೊನೆಯ ವರ್ಷದಲ್ಲಿ ಇನ್ನೂ ತರಗತಿಯಲ್ಲಿ ಕೂತಿರುವಾಗಲೇ ಹಾಕಬೇಕು. ಆ ಹುಡುಗಿ ರಿಸಲ್ಟ್ ಬರಲೆಂದು ಕಾದಿದ್ದಾಳೆ. ಎಲ್ಲರ ಮನೆಯಲ್ಲೂ ಹಾಗೇ ಅಲ್ಲವೇ ತಿಳಿದಿರುವುದು, ಪಾಸಾದ ಮೇಲೆ ಮುಂದಿನದು ಎಂದು? ರಿಸಲ್ಟ್ ಬಂದಾಗ ಅಲ್ಲಿ ಸೀಟು ಹಂಚಿಯೂ ಆಗಿತ್ತು. ಈಗ ಮನೆಯಲ್ಲಿ ಗಂಡು ನೋಡುತ್ತಿದ್ದಾರಂತೆ. ಇದನ್ನು ಹೇಳುವಾಗ ಇವಳ ದನಿ ಇಳಿಯಿತು. ನನಗೂ ಮಾತು ಹೊರಡಲಿಲ್ಲ. ಆ ಪರೀಕ್ಷೆಯ ವಿಜ್ಞಾನದ ಪ್ರಶ್ನೆಗಳು ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ ಇರುತ್ತವೆ, ಕನ್ನಡ ಮಾಧ್ಯಮದ ನಮ್ಮ ಮಕ್ಕಳಿಗೆ ಅದೇ ಒಂದು ಗುಡ್ಡ. ಆ ಗುಡ್ಡ ಹತ್ತುವ ಶಕ್ತಿಯಿದ್ದವಳು ತಾರೀಖು ತಿಳಿಯದೆ ಮನೆಯಲ್ಲಿ ಉಳಿದಳು.

ಗುಲಬರ್ಗಾ ವಿಶ್ವವಿದ್ಯಾಲಯವಿರುವ ಸೇಡಂ ರಸ್ತೆಯ ಜ್ಞಾನಗಂಗಾ ಆವರಣ ನನಗೆ ಹಳೆಯ ಪರಿಚಯ, ನಾನು ಎಂ.ಎ. ಓದಿದ್ದು ಅಲ್ಲೇ. ಆಗ 371(ಜೆ) ಇರಲಿಲ್ಲ. ಸಂವಿಧಾನದ 98ನೇ ತಿದ್ದುಪಡಿಯಾಗಿ, 2013ರ ಆದೇಶ ಬಂದ ಮೇಲೆ ನಮ್ಮ ಭಾಗದ ವಿಶ್ವವಿದ್ಯಾಲಯಗಳಲ್ಲಿ ನೂರಕ್ಕೆ 70 ಸೀಟು ಇಲ್ಲಿಯ ಮಕ್ಕಳಿಗೆ ಮೀಸಲಾದವು, ರಾಜ್ಯಮಟ್ಟದ ಸಂಸ್ಥೆಗಳಲ್ಲಿ ನೂರಕ್ಕೆ 8. ಇದಕ್ಕಾಗಿ ಈ ಭಾಗದ ಜನ ವರ್ಷಗಟ್ಟಲೆ ಹೋರಾಡಿದ್ದಾರೆ. ಆ ಹೋರಾಟದ ಫಲ ಒಂದು ಮಗುವಿನ ಕೈಗೆ ತಲುಪುವುದು ಮಾತ್ರ ಒಂದೇ ಒಂದು ಹಾಳೆಯ ಮೂಲಕ. ಹಾಳೆ ಇಲ್ಲದಿದ್ದರೆ ಬೀದರಿನಲ್ಲಿ ಹುಟ್ಟಿ ಬೆಳೆದವನೂ ಉಳಿದ 30ರಲ್ಲಿ ಸ್ಪರ್ಧಿಸಬೇಕು.

ಕಾಯುವ ಸಾಲಿನಲ್ಲಿ ನಮ್ಮ ಮುಂದೆ ಸುರಪುರ ಕಡೆಯ ಹುಡುಗನೊಬ್ಬ ನಿಂತಿದ್ದ. ಒಬ್ಬನೇ ಬಂದಿದ್ದ. ಫೈಲು ನೋಡಿ ಕೊಡ್ರಿ ಎಂದು ಕೇಳಿದ. ಎಲ್ಲವೂ ಸರಿಯಿತ್ತು, ಗ್ರಾಮೀಣ ವ್ಯಾಸಂಗದ ಪ್ರಮಾಣಪತ್ರದಲ್ಲಿ ಮಾತ್ರ ಮೂರನೇ, ನಾಲ್ಕನೇ ತರಗತಿ ಇರಲಿಲ್ಲ. “ಆಗ ಅಪ್ಪ ಅವ್ವ ದುಡೀಲಾಕ ಪುಣೆಕ್ಕ ಹೋಗಿದ್ರಿ. ನಾ ಅಲ್ಲೇ ಸಾಲಿಗಿ ಹೋಗೀನಿ” ಎಂದ. ಹತ್ತು ವರ್ಷ ಹಳ್ಳಿಯ ಶಾಲೆಯಲ್ಲಿ ಓದಿರಬೇಕು ಎಂಬುದು ನಿಯಮ. ಎಂಟು ವರ್ಷಕ್ಕೆ ಗ್ರಾಮೀಣ ಎನ್ನಿಸಿಕೊಳ್ಳಲು ಬರುವುದಿಲ್ಲ. ನಾನು ಇದನ್ನು ಅವನಿಗೆ ಬಿಡಿಸಿ ಹೇಳಬೇಕಾಯಿತು. ಮಳೆ ಕೈಕೊಟ್ಟ ವರ್ಷ ಮನೆಗೆ ಬೀಗ ಹಾಕಿ, ಮಕ್ಕಳನ್ನು ಕಟ್ಟಿಕೊಂಡು ಪುಣೆ, ಮುಂಬೈ, ಹೈದರಾಬಾದು, ಬೆಂಗಳೂರಿಗೆ ಹೋಗುವ ಸಂಸಾರಗಳು ನಮ್ಮ ಜಿಲ್ಲೆಯ ಯಾವ ಊರಲ್ಲಿಲ್ಲ? ಹಳ್ಳಿಯ ಬಡತನಕ್ಕೆಂದು ಮಾಡಿದ ಮೀಸಲಾತಿ, ಆ ಬಡತನ ಊರು ಬಿಡಿಸಿದ ಮಕ್ಕಳಿಗೇ ಸಿಗದೆ ಹೋಗುತ್ತದೆ. ಗುಳೆ ಹೋದ ವರ್ಷಗಳನ್ನು ಗ್ರಾಮೀಣ ಎಂದೇ ಎಣಿಸಬೇಕು. ನನಗೆ ಈ ವಿಷಯದಲ್ಲಿ ಎರಡನೇ ಮಾತಿಲ್ಲ. ಪುಣ್ಯಕ್ಕೆ ಅವನ ಜಾತಿ ಪ್ರಮಾಣಪತ್ರ, 371(ಜೆ) ಎರಡೂ ಗಟ್ಟಿಯಾಗಿದ್ದವು. ಅದರ ಮೇಲೆಯೇ ಸೀಟು ಸಿಕ್ಕಿತು.

ನಮ್ಮ ಹುಡುಗಿಯ ಹೆಸರು ಕರೆದರು. ಪ್ರತಿಯೊಂದು ಒರಿಜಿನಲ್ಲನ್ನೂ ಝೆರಾಕ್ಸ್ ಪಕ್ಕದಲ್ಲಿಟ್ಟು ನೋಡಿದರು. 371(ಜೆ)ಯೊಳಗಿನ ಸಾಮಾನ್ಯ ಮೆರಿಟ್ ಸೀಟು ಎಂದು ಬರೆದುಕೊಂಡರು. ಹೊರಗೆ ಬಂದಾಗ ಅವಳ ಅಪ್ಪನ ಮುಖ ಸಣ್ಣದಾಗಿತ್ತು. “ನಮ್ದು ಪ್ರವರ್ಗ-1 ಅದಲ್ರಿ. ಜನರಲ್‌ನಾಗ ಯಾಕ ಹಾಕಿದ್ರು? ನಾಳಿ ಹಾಸ್ಟೆಲ್ ಇಲ್ಲ, ಫೀ ಪೂರಾ ಕಟ್ರಿ ಅಂದ್ರ ನಾ ಎಲ್ಲಿಂದ ತರ್ಲಿ?”

ಅವರನ್ನು ಬೇವಿನ ಮರದ ಕೆಳಗೆ ಕೂರಿಸಿ ನಿಧಾನವಾಗಿ ಹೇಳಿದೆ. ಮಗಳ ಅಂಕ ಮೇಲಿರುವುದರಿಂದ ಅವಳಿಗೆ ಎಲ್ಲರಿಗೂ ತೆರೆದಿರುವ ಸೀಟು ಸಿಕ್ಕಿದೆ. ಅದರಿಂದ ಅವಳ ಜಾತಿ ಪ್ರಮಾಣಪತ್ರ ಎಲ್ಲೂ ಹೋಗುವುದಿಲ್ಲ. ಹಾಸ್ಟೆಲ್ಲಿಗೂ ವಿದ್ಯಾರ್ಥಿವೇತನಕ್ಕೂ ಅದನ್ನೇ ಕೊಟ್ಟು ಅರ್ಜಿ ಹಾಕಬಹುದು, ವಿದ್ಯಾರ್ಥಿವೇತನಕ್ಕೆಂದು ರಾಜ್ಯ ಸರ್ಕಾರ ಮಾಡಿರುವ ಎಸ್‌ಎಸ್‌ಪಿ ಪೋರ್ಟಲ್ಲಿನಲ್ಲಿ ಅವಳು ಪ್ರವರ್ಗ-1ರವಳೇ. ಇವಳು ಮೆರಿಟ್ಟಿನಲ್ಲಿ ಹೋದದ್ದಕ್ಕೆ ಪ್ರವರ್ಗ-1ರ ಒಂದು ಸೀಟು ಹಾಗೇ ಉಳಿಯಿತು, ಪಟ್ಟಿಯಲ್ಲಿ ಕೆಳಗಿರುವ ಅಂಥದೇ ಮನೆಯ ಇನ್ನೊಂದು ಮಗುವಿಗೆ ಅದು ಹೋಗುತ್ತದೆ. ಇದನ್ನು ಕೇಳಿ ಅವರು ಬಹಳ ಹೊತ್ತು ಮಗಳನ್ನೇ ನೋಡಿದರು. “ಹಂಗಾದ್ರ ಛಲೋನೇ ಆತಲ್ಲ” ಎಂದರು. ಆ ದಿನ ನಾನು ಪಟ್ಟ ಸಂತೋಷದಲ್ಲಿ ಇದು ಎಲ್ಲಕ್ಕಿಂತ ದೊಡ್ಡದು.

ಫೀ ಕಟ್ಟಿದ ಮೇಲೆ ಟಿ.ಸಿ., ಮೈಗ್ರೇಶನ್ ಒರಿಜಿನಲ್ ಅಲ್ಲೇ ಉಳಿದವು. ಒಪ್ಪಿಸುವ ಮೊದಲು ಅವುಗಳ ನಾಲ್ಕಾರು ಪ್ರತಿ ತೆಗೆಸಿದ್ದೆವು. ಯಾರಾದರೂ ಹೋಗುವವರಿದ್ದರೆ ಇದನ್ನು ಮರೆಯಬೇಡಿ, ಹಾಸ್ಟೆಲ್ಲಿನವರು ಮೊದಲು ಕೇಳುವುದೇ ಅದು.

ಓದಿದವರ ಮನೆಯಲ್ಲಿ ಇದೆಲ್ಲ ಊಟಕ್ಕೆ ಕೂತಾಗಲೇ ಮಕ್ಕಳ ಕಿವಿಗೆ ಬಿದ್ದಿರುತ್ತದೆ. ಯಾವ ಪರೀಕ್ಷೆ ಯಾವ ತಿಂಗಳು, ಎಂಬಿಎ, ಎಂಸಿಎಗೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರ (ಕೆಇಎ) ನಡೆಸುವ ಪ್ರವೇಶ ಪರೀಕ್ಷೆ ಪಿಜಿಸಿಇಟಿ ಬೇರೆ, ಎಂ.ಎಸ್ಸಿ.ಗೆ ವಿಶ್ವವಿದ್ಯಾಲಯದ ಅರ್ಜಿ ಬೇರೆ, ಪದವಿಯಲ್ಲಿ ಓದದ ವಿಷಯಕ್ಕೆ ಸ್ನಾತಕೋತ್ತರದಲ್ಲಿ ಸೀಟು ಕೇಳುವುದು ಕಷ್ಟ, ಇಂಥವು. ಮೊದಲ ಬಾರಿಗೆ ಕಾಲೇಜು ಕಂಡ ಮನೆಯಲ್ಲಿ ಇದನ್ನು ಯಾರು ಹೇಳಬೇಕು? ಅಂಕ ಗಳಿಸುವುದು ಮಕ್ಕಳ ಕೆಲಸ, ಅವರು ಮಾಡುತ್ತಿದ್ದಾರೆ. ಉಳಿದದ್ದನ್ನು ಹೇಳಿಕೊಡುವುದು ಕಲಿಸಿದವರ ಕೆಲಸ.

ಮುಂದಿನ ಶನಿವಾರ ಆ ಹುಡುಗಿ ಓದಿದ ಕಾಲೇಜಿಗೆ ಹೋಗಿ, ಕೊನೆಯ ವರ್ಷದವರ ಜೊತೆ ಮಾತಾಡಲು ಒಂದು ತಾಸು ಕೇಳಿದೆ. ಕೊಟ್ಟರು. ಸಿಯುಇಟಿ ಅರ್ಜಿ ಯಾವಾಗ ಬರುತ್ತದೆ ಎಂಬುದರಿಂದ ಶುರುಮಾಡಿ ಮೈಗ್ರೇಶನ್‌ವರೆಗೆ ಬಂದಾಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು. “ಮೇಡಂ, ನನ್ನ ಟೆಂತ್ ಮಾರ್ಕ್ಸ್ ಕಾರ್ಡಿನಾಗ ಅಪ್ಪನ ಹೆಸರು ಬ್ಯಾರೆ ಅದ, ಆಧಾರದಾಗ ಬ್ಯಾರೆ ಅದ. ಏನ್ ಮಾಡ್ಲಿ?” ಸೋಮವಾರವೇ ನಿನ್ನ ಹೈಸ್ಕೂಲಿಗೆ ಹೋಗು, ತಿದ್ದುಪಡಿ ಅರ್ಜಿ ಹೆಡ್‌ಮಾಸ್ತರ ಮೂಲಕವೇ ಮಂಡಳಿಗೆ ಹೋಗಬೇಕು ಎಂದೆ. ಅವಳು ಕೂರುವ ಮೊದಲೇ ಇನ್ನೂ ನಾಲ್ಕು ಕೈ ಮೇಲೆದ್ದವು.