ಜಿಮ್ ಬಿಡೂದೋ ಇಡೂದೋ: 80 ಕಿಲೋದ ಕತಿ, ಹನ್ನೊಂದನೇ ತಿಂಗಳ ಲೆಕ್ಕ

ಸಿಕ್ತ್ ನೋಡ್ರಿ! ಮಾರ್ಚ್‌ನಿಂದ ತಲಿ ತಿನ್ನಾಕತ್ತಿದ್ದ ಪ್ರಶ್ನಿಗೆ (ಜಿಮ್‌ನ್ಯಾಗ ಆರಾಮ ಏಳೂ 80 ಕಿಲೋ ಮನ್ಯಾಗ ಯಾಕ ಏಳೂದಿಲ್ಲ?) ಹೋದ ಐತವಾರ ಉತ್ತರ ಸಿಕ್ತು, ಅದೂ 450 ರೂಪಾಯಿದ ಲಗೇಜ್ ತೂಗೂ ಕಾಟಾದಾಗ. ಸಿಕ್ಕ ಮ್ಯಾಲ ಖುಷಿ ಆಗೂದಕ್ಕಿಂತ ನಾಚ್ಕಿನ ಜಾಸ್ತಿ ಆತು, ಯಾಕಂದ್ರ ಉತ್ತರ ನನ್ನ ಪಾಕೀಟ್‌ದಾಗ ಒಂದ್ ಬಿಲ್ಲಿನ ಮ್ಯಾಲ ಬರದೇ ಇತ್ತು. ಅದನ್ನ ಆಮ್ಯಾಲ ಹೇಳ್ತೀನಿ.

ಹೊಸದಾಗಿ ಓದಾವ್ರಿಗೆ ಎರಡ ಮಾತು. ಹೋದ ದಸರಾಕ್ಕ ಆಫರ್ ಐತಂತ ಒಂದ್ ಅಗ್ಗದ ಜಿಮ್ ಸೇರಿದ್ನಿ, ವರ್ಷಕ್ಕ 4,999, ಮ್ಯಾಲ ‘ರಿಜಿಸ್ಟ್ರೇಶನ್’ ಅಂತ 500. ಎಸಿ ಇಲ್ಲ, ಫ್ಯಾನ್ ನಾಕು, ಅದ್ರಾಗ ಎರಡು ತಿರಗತಾವ. ಹೆಗಲ ಮ್ಯಾಲ ಬಾರ್ ಹೊತ್ತು ಕುಂತು ಏಳೂ ಸ್ಕ್ವಾಟ್ ರ‍್ಯಾಕ್ ಒಂದ. ಸಂಜಿ ಏಳಕ್ಕ ಹೋದ್ರ ಆ ಒಂದ್ ರ‍್ಯಾಕಿಗೆ ಮೂರ ಮಂದಿ ಪಾಳಿ, ಅದ್ರಾಗ ಒಬ್ಬ ರ‍್ಯಾಕಿನ್ಯಾಗ ನಿಂತು ಬೈಸೆಪ್ಸ್ ಮಾಡಾಂವ. ನಾ ಒಂದಿನ ಮೊಬೈಲ್‌ದಾಗ ಟೈಮ್ ಹಚ್ಚಿ ನೋಡೀನಿ, 22 ನಿಮಿಷ ಸುಮ್ನ ನಿಂತೀನಿ. ಅನಗೋಳದಿಂದ ಹೋಗಬೇಕಾದ್ರ ಎರಡನೇ ರೈಲ್ವೆ ಗೇಟ್ ಬಿದ್ದಿತ್ತಂದ್ರ ಅದ ಬ್ಯಾರೆ. ಅದಕ್ಕ ಜನವರಿಯೊಳಗ ಸಿಟ್ಟ ಬಂದು ಮನಿ ಮಾಳಗಿ ಮ್ಯಾಲ ಸ್ವಂತ ಸೆಟ್ ಮಾಡೂದಂತ ತೀರ್ಮಾನ ಮಾಡಿದ್ನಿ. ಬೆಳಗಾವ್ಯಾಗ ಹುಟ್ಟಿ, ಸುತ್ತ ಇಷ್ಟ ಫೌಂಡ್ರಿ ಇಟ್ಕೊಂಡು, ಆನ್‌ಲೈನ್ ಒಳಗ ಪ್ಲೇಟ್ ತರಿಸಿ ಕೊರಿಯರ್ ರೊಕ್ಕ ಕೊಡೂದಂದ್ರ ಮರ್ಯಾದಿ ಪ್ರಶ್ನೆ.

ಸ್ಟ್ಯಾಂಡ್ ವೆಲ್ಡಿಂಗ್ ಬಗ್ಗೆ ಬರಿಯೂದಿಲ್ಲ, ನೀವೆಲ್ಲಾರೂ ಮಾಡೀರಿ, ಎರಡಿಂಚಿನ ಚೌಕ ಪೈಪು, ಬುಡಕ್ಕ ಅಡ್ಡಪಟ್ಟಿ, ಮುಗೀತು. ಬಾರ್‌ಗೆ 28 ಎಂಎಂ ಗಟ್ಟಿ ರಾಡ್, ಏಳ ಫೂಟು. ಸೈಟಿನ್ಯಾಗ ಸಳಿ ತೂಕ ಹಾಕಾವ್ರಿಗೆ ಗೊತ್ತಿರತೈತಿ, ವ್ಯಾಸದ ವರ್ಗ ಭಾಗಿಸು 162, ಅಂದ್ರ ಮೀಟರಿಗೆ 4.84 ಕಿಲೋ, 2.13 ಮೀಟರಿಗೆ 10.3. ಹತ್ತಂತ ಹಿಡದ್ನಿ.

ಪ್ಲೇಟಿನ ಲೆಕ್ಕಾನೂ ನಂದ. ಬೀಡು ಕಬ್ಣದ ಸಾಂದ್ರತೆ 7.2, ಹತ್ತ ಕಿಲೋಕ್ಕ ಸುಮಾರ 1,390 ಘನ ಸೆಂಟಿಮೀಟರ್, 30 ಎಂಎಂ ದಪ್ಪ ಇಟ್ರ 243 ಎಂಎಂ ವ್ಯಾಸ. ಹತ್ತರವು ಆರು, ಐದರವು ಎರಡು, ಒಟ್ಟ 70 ಕಿಲೋ. ಪ್ಯಾಟರ್ನ್ (ಮಣ್ಣಿನ್ಯಾಗ ಅಚ್ಚು ಮೂಡಸೂ ಕಟಗಿ ಮಾದರಿ) ಮಾಡೂ ಬಡಿಗೇರ ಕಾಕಾ ಕಾರ್ಖಾನೆಗಳ ಉದ್ಯಮಬಾಗದಾಗ. ಹೋದಾಗೊಮ್ಮೆ ಕನ್ನಡದಾಗ ‘ನಾಳಿ ಬರ್ರಿ’, ಮರಾಠ್ಯಾಗ ‘ಉದ್ಯಾ ಯಾ’. ಐದ ವಾರ. ಅದು ಉದ್ಯಮಬಾಗ ಅಲ್ರಿ, ಉದ್ಯಾಬಾಗ.

ಕಡೀಕ ಫೆಬ್ರುವರಿ ಕೊನಿಗೆ ಮಾಲ್ ಬಂತು. ಫೌಂಡ್ರಿಯವ್ರು ಕಾಟಾಕ್ಕ ಹಾಕಿ 75 ಕಿಲೋ ಅಂತ ಬಿಲ್ ಮಾಡಿದ್ರು, ಕಿಲೋಕ್ಕ 95ರಂಗ 7,125. ನಾ ಅಲ್ಲೇ ನಿಂತು ಜಗಳಾ ತಗದ್ನಿ. ‘70 ಕಿಲೋದ ಆರ್ಡರ್‌ಗೆ 75 ಹೆಂಗ ಬರತೈತ್ರಿ, ಕಾಟಾ ಸರಿ ಮಾಡಿಸ್ರಿ’ ಅಂತ ನಾಕ ಮಂದಿ ಮುಂದ ಅಂದ್ನಿ. ಅವ್ರು ಪಾಪ ವಯಸ್ಸಾದವ್ರು, ‘ಮಾಲ್ ಇದ್ದಷ್ಟ ತೂಗೀವಿ ಸಾಹೇಬ್ರ’ ಅಂದು 200 ಬಿಟ್ಟ ಕೊಟ್ರು. ನಾ ಗೆದ್ದೆ ಅನ್ಕೊಂಡು ಗಾಡಿ ಹೇರಿಸಿದ್ನಿ. ಈ ದೃಶ್ಯ ನೆನಪಿಡ್ರಿ.

ಈಗ ಅಸಲಿ ರೋಗ. ಫೆಬ್ರುವರಿಯೊಳಗ ಜಿಮ್‌ನ್ಯಾಗ 80 ಕಿಲೋ ಸ್ಕ್ವಾಟ್ ಒಂದ್ ಸಲಕ್ಕ ಐದರಂಗ ಮೂರ ಸೆಟ್ ಆರಾಮ ಹೊಡಿತಿದ್ದೆ. ಮಾರ್ಚ್‌ನ್ಯಾಗ ಮಾಳಗಿ ಮ್ಯಾಲ ಅದ 80 ಹಾಕಿದ್ರ ಒಂದಕ್ಕ ನಡ ಬಗ್ಗತು, ಎರಡನೇದಕ್ಕ ಕುಂತಾಂವ ಏಳಲಿಲ್ಲ. ಹಿಂದ ಬಾರ್ ತಡಿಯೂ ಪಿನ್ ಇರಲಿಲ್ಲಂದ್ರ ಇವತ್ತ ಈ ಲಾಗ್ ನನ್ನ ತಮ್ಮ ಬರೀಬೇಕಾಗಿತ್ತು. ಮೊದಲ ದಿನ ನಿದ್ದಿ ಆಗಿಲ್ಲ ಅನ್ಕೊಂಡ್ನಿ. ಎರಡನೇ ವಾರ ಬೂಟು ಬದಲಿ ಮಾಡಿದ್ನಿ. ಏಪ್ರಿಲ್‌ನ್ಯಾಗ ತಪ್ಪ ಬಿಸಲಿನ ಮ್ಯಾಲ ಹಾಕಿದ್ನಿ, ಮುಂಜಾನೆ ಐದೂವರಿಗೆ ಎದ್ದು ಮಾಡಿದ್ನಿ, ಅಷ್ಟ ಭಾರ. ವಿಡಿಯೋ ಮಾಡಿ ನೋಡಿದ್ನಿ, ಜಿಮ್‌ನ್ಯಾಗ ಅರ್ಧಾಮರ್ಧಾ ಕುಂತು ಮನ್ಯಾಗ ಪೂರಾ ಕುಂದರಾಕತ್ತೀನೇನೋ ಅಂತ, ಹಂಗೇನೂ ಇಲ್ಲ. ಅವ್ವನ ಪ್ರಕಾರ ಕಾರಣ ಸರಳ ಐತಿ: ‘ಜ್ವಾಳದ ರೊಟ್ಟಿ ಬಿಟ್ಟು ಆ ಓಟ್ಸ್ ಗಂಜಿ ಕುಡದ್ರ ಇನ್ನೇನ್ ಆಕ್ಕೈತಿ.’ ಎರಡ ವಾರ ರೊಟ್ಟಿನೂ ತಿಂದ್ನಿ. ತೂಕ ಎರಡ ಕಿಲೋ ಏರ್ತು, ನಂದು, ಬಾರಿಂದಲ್ಲ.

ಜೂನ್‌ದಾಗ ಮಳಿ ಹತ್ತಿದ ಮ್ಯಾಲ ಮತ್ತ ಜಿಮ್. ಹೋದ ಎರಡನೇ ದಿನಕ್ಕ 80 ಹೂ ಎತ್ತಿದಂಗ ಎತ್ತಿದ್ನಿ! ಆಗಸ್ಟ್‌ನ್ಯಾಗ ಒಂದಿನ ಹೊಳವಾತಂತ ಮಾಳಗಿಗೆ ಹೋಗಿ ಅದ 80 ಹಾಕಿದ್ರ ಮತ್ತ ಕುಂತಲ್ಲೇ ಕುಂತೆ. ಅಲ್ಲಿ ಏಳತೈತಿ, ಇಲ್ಲಿ ಏಳೂದಿಲ್ಲ, ಮತ್ತ ಅಲ್ಲಿ ಏಳತೈತಿ, ಅಂದ ಮ್ಯಾಲ ಸುಳ್ಳ ಹೇಳಾಂವ ನಾ ಅಲ್ಲ, ಕಬ್ಣ.

ಲಗೇಜ್ ಕಾಟಾ ತಗೊಂಡ್ನಿ, 50 ಕಿಲೋತನಕ ತೂಗತೈತಿ. ಆದ್ರ ಕಾಟಾನ ಸುಳ್ಳ ಹೇಳಿದ್ರ? ಓಣ್ಯಾಗಿನ ಕಿರಾಣಿ ಅಂಗಡಿ ಅಣ್ಣಾರ ಹತ್ರ ಹೋಗಿ ಸರ್ಕಾರಿ ಶಿಕ್ಕಾ ಹೊಡದ ಐದ ಕಿಲೋದ ತೂಕದ ಕಲ್ಲ ಎರಡ ಇಸ್ಕೊಂಡು ಜೋತು ಬಿಟ್ಟ ನೋಡಿದ್ನಿ. ಒಂದಕ್ಕ 5.02, ಎರಡಕ್ಕ 10.03. ಕಾಟಾ ಸತ್ಯವಂತ.

ಮೊದಲ ನಮ್ಮ ಮನಿ ಮಾಲು. ಪ್ಲೇಟಿನ ತೂತಿನ್ಯಾಗ ಹಗ್ಗ ಪೋಣಿಸಿ ಬಾಗಲ ಚೌಕಟ್ಟಿನ ಕೊಂಡಿಗೆ ತೂಗಬಿಟ್ಟು ಒಂದೊಂದ ಬರಕೊಂಡ್ನಿ: 10.4, 10.9, 10.6, 10.8, 10.5, 10.9. ಐದರವು 5.2, 5.4. ಬಾರ್ 10.4. ಕೂಡಿಸಿದ್ರ ನನ್ನ ‘80’ ಅಂದ್ರ 85.1 ಕಿಲೋ.

ಮರದಿನ ಕಾಟಾ ಕಿಸೆದಾಗ ಇಟ್ಕೊಂಡು ಜಿಮ್‌ಗೆ. ಮಧ್ಯಾಹ್ನ ಯಾರೂ ಇರೂದಿಲ್ಲ. ಸ್ಮಿತ್ ಮಷೀನಿನ ಕೊಕ್ಕಿಗೆ ಕಾಟಾ ಸಿಕ್ಕಿಸಿ ಪ್ಲೇಟ್ ತೂಗಾಕತ್ತಿದ್ರ ಟ್ರೇನರ್ ಹುಡುಗ ಬಂದ, ‘ಏನ್ರಿ ಸರ್, ರದ್ದಿ ಅಂಗಡಿ ಇಡಾವ್ರೇನು?’ ಅಂದ. ‘ಸ್ವಲ್ಪ ತಡೀಪಾ ತಮ್ಮಾ’ ಅಂದ್ನಿ. ಮೈಮ್ಯಾಲ 20 ಅಂತ ಬರದದ್ದು 18.2 ಮತ್ತ 18.4. ಹತ್ತರವು 9.1, 9.3. ಹುಡುಗ ಸುಮ್ನಾದ. ಆಮ್ಯಾಲ ಬಾರ್. ನಾ ಒಂದ ವರ್ಷದಿಂದ 20 ಅಂತ ಹಿಡದ ಬಾರ್ 15.1 ತೋರಿಸ್ತು. ಟೇಪ್ ಹಿಡದ್ರ ಉದ್ದ 2.01 ಮೀಟರ್, ವರ್ನಿಯರ್ ಹಚ್ಚಿದ್ರ ಹಿಡಿ 25 ಎಂಎಂ. ವೇಟ್‌ಲಿಫ್ಟಿಂಗ್ ಗೊತ್ತಿದ್ದಾವ್ರು ಈಗ ನಗಾಕತ್ತಿರತೀರಿ, ಅದು ಹೆಣ್ಮಕ್ಕಳ ಬಾರ್ ರೀ, 15 ಕಿಲೋದ್ದು. ಗಂಡಸರದು 2.2 ಮೀಟರ್, 28 ಎಂಎಂ, 20 ಕಿಲೋ. ಬಾರಿನ ವಿಷಯದಾಗ ಯಾರೂ ಮೋಸ ಮಾಡಿಲ್ಲ, ನಾನ ಕೇಳಿಲ್ಲ. ಪ್ಲೇಟಿಂದ ಮಾತ್ರ ಕೇಳಬ್ಯಾಡ್ರಿ. ಇಂಟರ್‌ನ್ಯಾಶನಲ್ ಸ್ಪರ್ಧಾದಾಗ 20ರ ಪ್ಲೇಟ್ 20 ಗ್ರಾಮ್ ಹೆಚ್ಚ ಇರಬಾರದು, 10 ಗ್ರಾಮ್ ಕಡಿಮಿ ಇರಬಾರದು. ಇಲ್ಲಿ ಒಂದೂಮುಕ್ಕಾಲ ಕಿಲೋ ಗಾಯಬ್.

ಜಿಮ್‌ನ್ಯಾಗಿನ ನನ್ನ 80 ಅಂದ್ರ 70.1. ಮನ್ಯಾಗಿನ 80 ಅಂದ್ರ 85.1. ನಡುವ ಬರೋಬ್ಬರಿ 15 ಕಿಲೋ. ಐದ ತಿಂಗಳು ನಾ ಬೂಟು ಬದಲಿ ಮಾಡಿದ್ದು, ನಿದ್ದಿ ಲೆಕ್ಕಾ ಇಟ್ಟಿದ್ದು, ಅವ್ವನ ಕಡೆ ಬೈಸ್ಕೊಂಡಿದ್ದು ಇದಕ್ಕ.

ಮನಿ ಪ್ಲೇಟ್ ಯಾಕ ಹೆಚ್ಚಾದವು ಅನ್ನೂದು ಬಡಿಗೇರ ಕಾಕಾಗ ಫೋನ್ ಹಚ್ಚಿದ ಮ್ಯಾಲ ತಿಳೀತು. ಬೀಡು ತಣ್ಣಗಾಗೂ ಮುಂದ ಸುಮಾರ ನೂರಕ್ಕೊಂದು ಕುಗ್ಗತೈತಿ, ಅದಕ್ಕ ಪ್ಯಾಟರ್ನ್ ಅಷ್ಟ ದೊಡ್ಡದ ಮಾಡಬೇಕು. ಯೂಟ್ಯೂಬ್ ನೋಡಿ ಶಾಣ್ಯಾ ಆಗಿದ್ದ ನಾ ಡ್ರಾಯಿಂಗ್‌ದಾಗ ಅದನ್ನ ಕೂಡಿಸೇ ಕೊಟ್ಟಿದ್ನಿ. ಕಾಕಾ ತಮ್ಮ ಕುಗ್ಗೂ ಸ್ಕೇಲ್ (ಗೆರಿ ಮೊದಲ ಅಷ್ಟ ಹಿಗ್ಗಿಸಿದ ಪಟ್ಟಿ) ಹಿಡದು ಮತ್ತೊಮ್ಮೆ ಕೂಡಿಸ್ಯಾರ, ಅವ್ರ ಕೆಲಸ ಅದ. ಉದ್ದಕ್ಕ ಒಂದ ಟಕ್ಕೆ (ನೂರಕ್ಕೊಂದು) ಅಂದ್ರ ಉದ್ದ, ಅಗಲ, ದಪ್ಪ ಮೂರೂ ಸೇರಿ ತೂಕಕ್ಕ ಮೂರ ಟಕ್ಕೆ, ಅಲ್ಲೇ 300 ಗ್ರಾಮ್ ಹೋತು. ಮ್ಯಾಲ ಮಣ್ಣು ಸಡಲ ಬಡದಿದ್ರ ರಸ ಬಿದ್ದಾಗ ಅಚ್ಚು ಉಬ್ಬತೈತಿ, ದಪ್ಪ ಬರೇ ಒಂದ ಎಂಎಂ ಉಬ್ಬಿದ್ರ 330 ಗ್ರಾಮ್. ಒಂದೊಂದ ಪ್ಲೇಟ್ ಒಂದೊಂದ ತೂಕ ಬಂದದ್ದು ಬಡದ ಕೈ ಮ್ಯಾಲ. ಲೇತಿಗೆ ಕೊಟ್ಟು ಎರಡ ಎಂಎಂ ಸವರಿಸಿದ್ರ ಹತ್ತಕ್ಕ ಬರತಾವ, ಆದ್ರ ತೂತ ಬೋರ್ ಮಾಡಾಕ 480 ಕೊಟ್ಟೀನಿ, ಇನ್ನ ಕೊಡಾಂವಲ್ಲ. ಹಳದಿ ಆಯಿಲ್ ಪೇಂಟ್ ತಂದು ಖರೇ ತೂಕ ಪ್ಲೇಟಿನ ಮ್ಯಾಲ ಬರದ್ನಿ. ‘10.9’ ಅಂತ ಬರದ ಪ್ಲೇಟ್ ಜಗತ್ತಿನ್ಯಾಗ ನನ್ನ ಹತ್ರ ಅಷ್ಟ ಇರಬೇಕು.

ಬ್ರಷ್ ಕೈಯಾಗಿದ್ದಾಗ ಇನ್ನೊಂದ ತಲ್ಯಾಗ ಬಂತು, ತಾಲೀಮಿನ್ಯಾಗ ತಿರಗಸ್ತಾರಲ್ಲ ಗದಾ, ಅದು. ಹಳೇ ಫುಟ್‌ಬಾಲ್ ಒಂದು ಬಿದ್ದೈತಿ, ಐದ ನಂಬರಿಂದು, ವ್ಯಾಸ 22 ಸೆಂಟಿಮೀಟರ್. ಅದ್ರಾಗ ಕಾಂಕ್ರೀಟ್ ತುಂಬಿದ್ರ ಸುಮಾರ 13 ಕಿಲೋ ಆಕ್ಕೈತಿ, ನಡುವ ಬಿದರಿನ ಗಳ. ಈ ಸಲ ಕುಗ್ಗೂ ಲೆಕ್ಕಾ ಇಲ್ಲ, ಪ್ಯಾಟರ್ನ್ ಇಲ್ಲ, ಉದ್ಯಾ ಇಲ್ಲ. ಗಳ ಸಡ್ಲ ಆಗಿ ಗುಂಡು ಬಾಜೂಮನಿ ಪತ್ರಾಸಿನ ಮ್ಯಾಲ ಬೀಳದಂಗ ಏನ್ ಮಾಡಬೇಕು ಅಂತ ಯಾರರೇ ಮಾಡಿದವ್ರಿದ್ರ ಹೇಳ್ರಿ. ಅದಾದ ಮ್ಯಾಲ ವಿಜಯಪುರ ಸಿದ್ಧೇಶ್ವರ ಜಾತ್ರ್ಯಾಗ ಎತ್ತೂ ಸಂಗ್ರಾಣಿ ಕಲ್ಲಿನಂಥಾದ್ದೊಂದು ಮಾಡೂ ವಿಚಾರ ಐತಿ, ಮನ್ಯಾಗ ಇನ್ನ ಹೇಳಿಲ್ಲ.

ಇರ್ಲಿ, ಜಿಮ್ ಮೆಂಬರ್‌ಶಿಪ್. ಅಕ್ಟೋಬರ್‌ಕ್ಕ ಮುಗೀತೈತಿ, ಈಗಿಂದ ಮೆಸೇಜ್ ಶುರು ಆಗ್ಯಾವ. ಹನ್ನೊಂದ ತಿಂಗಳದಾಗ ಜಿಮ್‌ಗೆ ಹೋದದ್ದು 102 ದಿನ, ಅಂದ್ರ ದಿನಕ್ಕ 54 ರೂಪಾಯಿ. ಸೇರೂವಾಗ ವಾರಕ್ಕ ನಾಕ ದಿನ ಅಂತ ಹಿಡದು ದಿನಕ್ಕ 26 ಬೀಳತೈತಿ, ಚಾದಂಗಡಿ ಖರ್ಚಿನ್ಯಾಗ ಜಿಮ್ ಅಂತ ಎಲ್ಲಾರಿಗೂ ಹೇಳ್ಕೋತ ಅಡ್ಡಾಡಿದ್ನಿ. ಮನಿ ಸೆಟ್ಟಿಗೆ ಬೀಡು 6,925, ಪ್ಯಾಟರ್ನ್ 1,800, ಬಾರ್ 1,650, ಸ್ಟ್ಯಾಂಡ್ 3,200, ಲೇತ್ 480, ಒಟ್ಟ 14,055, ಬಳಸಿದ್ದು 39 ದಿನ, ದಿನಕ್ಕ 360. ಈ ಆಕಡಾ ಮನ್ಯಾಗ ಯಾರಿಗೂ ತೋರಸ್ಬ್ಯಾಡ್ರಿ.

ಆದ್ರ ತಿಂಗಳ ತಿಂಗಳ ಬಿಡಿಸಿ ನೋಡಿದಾಗ ಬ್ಯಾರೆನ ಕಾಣಸ್ತು. ಏಪ್ರಿಲ್ ಮನ್ಯಾಗ 13, ಜಿಮ್‌ನ್ಯಾಗ 3. ಜುಲೈ ಮನ್ಯಾಗ ಸೊನ್ನಿ, ಜಿಮ್‌ನ್ಯಾಗ 13. ನಮ್ಮೂರ ಮಳಿ ನಿಮಗ ಗೊತ್ತೈತಿ, ಹತ್ತಿದ್ರ ಅಡ್ಡ ಹೊಡಿತೈತಿ, ಮಾಳಗಿ ಮ್ಯಾಲ ತಾಡಪತ್ರಿ ನಿಲ್ಲೂದಿಲ್ಲ, ಬಾರ್ ಎಂಟ ದಿನಕ್ಕ ಕೆಂಪ ಆಕ್ಕೈತಿ. ಪತ್ರಾಸ್ ಶೆಡ್ ಹಾಕಸ್ಬೇಕಂದ್ರ ಫ್ಯಾಬ್ರಿಕೇಟರ್ 11,000 ಕೇಳ್ಯಾನ. ನನಗ ಜಿಮ್ ಬೇಕಾದದ್ದು ಕಬ್ಣಕ್ಕಲ್ಲ, ಛತ್ತಿಗೆ. ಅದೂ ಜೂನ್‌ದಿಂದ ಸೆಪ್ಟೆಂಬರ್‌ತನಕ. ಬಿಡಿ ತಿಂಗಳಿಗೆ 900 ಅಂತಾರ, ನಾಕಕ್ಕ 3,600. ‘ಸರ್, ಇನ್ನ 1,400 ಹಾಕಿದ್ರ ಪೂರಾ ವರ್ಷ ಸಿಗತೈತಲ್ಲ’ ಅಂತ ಕೌಂಟರಿನ ಹುಡುಗಿ ಅಂದ್ಲು. ಅಗ್ಗದ ಜಿಮ್ ನಡಿಯೂದ ಆ 1,400ರ ಮ್ಯಾಲ, ಹಾಕಿ ಬರದಿರಾವ್ರಿಂದ. ಹೋದ ವರ್ಷ ಹಾಕಿ ಬರದಿದ್ದಾಂವ ನಾನ. ಈ ಸಲ ಅಕ್ಟೋಬರ್‌ಕ್ಕ ಕಟ್ಟೂದಿಲ್ಲ, ಮುಂದಿನ ಜೂನ್‌ಕ್ಕ ನೋಡೂಣು, ಅದೂ ಮಧ್ಯಾಹ್ನದ ಹೊತ್ತು, ರ‍್ಯಾಕ್ ಖಾಲಿ ಇದ್ದಾಗ.

ಈಗ ಆ ಬಿಲ್ಲು. 64.1 ಹತ್ತರವು, 10.6 ಐದರವು, ಕೂಡಿಸಿದ್ರ 74.7. ಬೋರ್ ಮಾಡಿದಾಗ ಸ್ವಲ್ಪ ಹೋಗಿರತೈತಿ, ಅಂದ್ರ ಫೌಂಡ್ರಿ ಕಾಟಾ 75 ಅಂದದ್ದು ಗುಂಜಿ ತಪ್ಪಿಲ್ಲ. ನಾ ಅವತ್ತ ಆ ಹಿರ‍್ಯಾರ ಮುಂದ ಕೂಗಾಡೂ ಬದಲಿ ಐದ ಕಿಲೋ ಯಾಕ ಹೆಚ್ಚಾತಂತ ಎರಡ ನಿಮಿಷ ವಿಚಾರ ಮಾಡಿದ್ರ ಐದ ತಿಂಗಳು ಉಳೀತಿತ್ತು.

ನಿನ್ನೆ 200 ರೂಪಾಯಿ, ಅರ್ಧಾ ಕಿಲೋ ಕುಂದಾ ತಗೊಂಡು ಫೌಂಡ್ರಿಗೆ ಆ ಹಿರೇರ ಹತ್ರ ಹೋದ್ನಿ. ಎಲ್ಲಾ ಹೇಳಿದ್ನಿ, ತಪ್ಪಾತ್ರಿ ಕಾಕಾ ಅಂದ್ನಿ. ಅವ್ರು ರೊಕ್ಕ ವಾಪಸ್ ನನ್ನ ಕಿಸೆದಾಗ ತುರುಕಿ, ಕುಂದಾದ ಡಬ್ಬಿ ಮಾತ್ರ ಎತ್ತಿ, ಏನೂ ಮಾತಾಡದ ಹಗೂರಕ ಕಾಟಾದ ಮ್ಯಾಲ ಇಟ್ರು. 540 ತೋರಿಸ್ತು. ಕಣ್ಣಡಕ ಏರಿಸ್ಕೊಂಡು ನನ್ನ ಮಾರಿ ನೋಡಿದ್ರು:

‘ಡಬ್ಬಿ ಹಿಡದು ಬಿಲ್ ಮಾಡ್ಲೇನ್ರಿ ಸಾಹೇಬ್ರ, ಬಿಟ್ಟು ಮಾಡ್ಲಿ?’